ಬೇವಿನ ಎಣ್ಣೆ ನೀರಿನಿಂದ ಬೇರ್ಪಡದಂತೆ ಬೆರೆಸುವ ಕ್ರಮ
ಬೇವಿನ ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿದರೆ ಅದು ಮೇಲೆ ತೇಲುತ್ತದೆ. ಸಿಂಪರಣಾ ಯಂತ್ರವು ತಳದಿಂದ ಹೀರುವುದರಿಂದ ಮೊದಲ ಸಾಲುಗಳಿಗೆ ಬರೀ ನೀರು ಬೀಳುತ್ತದೆ, ಕೀಟ ಉಳಿಯುತ್ತದೆ; ಕೊನೆಯ ಸಾಲುಗಳಿಗೆ ಗಾಢ ಎಣ್ಣೆ ಬಿದ್ದು ಎಲೆ ಸುಡುತ್ತದೆ.

ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 1 ಗ್ರಾಂ ತುರಿದ ಸಾಬೂನು ಸಾಕು. ಸಾಬೂನನ್ನು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಹಾಲಿನಂತೆ ಬಿಳುಪಾಗುವವರೆಗೆ ಕಲಕಿರಿ. ಅನಂತರವೇ ಉಳಿದ ನೀರನ್ನು ಸೇರಿಸಿರಿ. ಸಾಬೂನು ಎಣ್ಣೆಯ ಹನಿಗಳನ್ನು ಸುತ್ತುವರಿದು ಅವು ಒಂದುಗೂಡದಂತೆ ತಡೆಯುತ್ತದೆ.

ಕೊಳವೆಬಾವಿಯ ನೀರು ಗಡಸಾಗಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನನ್ನು ಗಸಿಯಾಗಿಸುತ್ತವೆ. ನೊರೆ ಬಾರದ ನೀರನ್ನು ಬಿಟ್ಟು ಮಳೆನೀರನ್ನು ಬಳಸಿರಿ. ಸಂದೇಹವಿದ್ದಲ್ಲಿ ಸ್ವಲ್ಪ ಮಿಶ್ರಣವನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಡಿರಿ. ಎಣ್ಣೆಯ ಪದರ ಕಂಡರೆ ಸಿಂಪಡಿಸಬೇಡಿರಿ.