ಜೀಪಿಗೆ ಎರಡನೇ ಬ್ಯಾಟರಿ: ಮೈಕ್‌ಸೆಟ್ಟಿನಿಂದ ಲಿಥಿಯಂವರೆಗೆ

ಕನಕಪುರದಿಂದ ಸಂಗಮದ ಕಡೆ ಹೊರಟರೆ ದೊಡ್ಡಆಲಹಳ್ಳಿ ದಾಟಿದ ಮೇಲೆ ಊರುಗಳು ಕಡಿಮೆಯಾಗುತ್ತವೆ, ಕಾಡು ಹತ್ತಿರವಾಗುತ್ತದೆ. ಮುಂದೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಅದರಾಚೆ ಮೇಕೆದಾಟು, ಸುತ್ತೆಲ್ಲ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಭಾನುವಾರ ಬಂತೆಂದರೆ ಬೆಂಗಳೂರಿನ ಥಾರ್, ಗೂರ್ಖಾ, ಜಿಮ್ನಿಗಳು ಈ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಅವುಗಳಲ್ಲಿ ಕೆಲವಕ್ಕೆ ಬ್ಯಾಟರಿ ಒಂದಲ್ಲ, ಎರಡು. ಯಾಕೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಫ್ರಿಜ್ಜಿಗೆ.

ಆಸ್ಟ್ರೇಲಿಯಾದಿಂದ ಬಂದ ಹೊಸ ಹವ್ಯಾಸ ಇದು ಎಂದು ಹಲವರ ಎಣಿಕೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಜೀಪಿನ ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ ಇಡುವುದು ನಮ್ಮ ಹಳ್ಳಿಗಳಿಗೆ ಹಳೆಯ ವಿಷಯ. ಹೊಸದಾಗಿರುವುದು ಆ ಎರಡು ಬ್ಯಾಟರಿಗಳ ನಡುವೆ ಕೂತ ಸಾಧನ. ಈ ವಿದ್ಯೆಯ ಚರಿತ್ರೆಯೆಲ್ಲ ನಿಜಕ್ಕೂ ಆ ನಡುವಿನ ಸಾಧನದ ಚರಿತ್ರೆ: ಎರಡನ್ನೂ ಯಾವಾಗ ಕೂಡಿಸಬೇಕು, ಯಾವಾಗ ಬಿಡಿಸಬೇಕು, ಅದನ್ನು ತೀರ್ಮಾನಿಸುವವರು ಯಾರು.

ಮೊದಲು ಒಂದು ಗೊಂದಲ ಕಳೆಯೋಣ. ಲಾರಿಗಳಲ್ಲೂ ಎರಡು ಬ್ಯಾಟರಿ ಇರುತ್ತವಲ್ಲ ಎಂದು ಯಾರಾದರೂ ಕೇಳುತ್ತಾರೆ. ಇರುತ್ತವೆ, ಆದರೆ ಅಲ್ಲಿ 12 ವೋಲ್ಟಿನ ಎರಡನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಎರಡೂ ಸೇರಿ ಒಂದೇ ಬ್ಯಾಟರಿ. ಒಂದು ಡೌನ್ ಆದರೆ ಗಾಡಿ ನಿಂತಿತು. ಇಲ್ಲಿ ಹೇಳುತ್ತಿರುವುದು ಬೇರೆ. ಒಂದು ಬ್ಯಾಟರಿ ಸೆಲ್ಫ್ ಹೊಡೆಯುವುದಕ್ಕೇ ಮೀಸಲು, ಇನ್ನೊಂದು ಉಳಿದೆಲ್ಲ ಖರ್ಚಿಗೆ. ಎರಡನೆಯದು ಪೂರ್ತಿ ಬರಿದಾದರೂ ಮೊದಲನೆಯದು ಮುಟ್ಟದಂತೆ ಇರಬೇಕು, ಬೆಳಿಗ್ಗೆ ಎಂಜಿನ್ ಹೊತ್ತಬೇಕು.

ಹೀಗೆ ಬೇರ್ಪಡಿಸಲು ಕಾರಣ ಬ್ಯಾಟರಿಯ ಒಳಗೇ ಇದೆ. ಫ್ರಾನ್ಸಿನ ಗಾಸ್ಟೊನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿ ಕಂಡುಹಿಡಿದಾಗ ಮೋಟಾರು ಗಾಡಿಯೇ ಇರಲಿಲ್ಲ. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಕೊಟ್ಟ ಮೇಲೆ ಬ್ಯಾಟರಿಗೆ ಹೊಸ ಕೆಲಸ ಬಂತು: ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು. ಅದಕ್ಕೆ ಬೇಕಾದದ್ದು ತೆಳುವಾದ, ಹೆಚ್ಚು ಸಂಖ್ಯೆಯ ಪ್ಲೇಟುಗಳು. ರಾತ್ರಿಯಿಡೀ ಮೂರು ನಾಲ್ಕು ಆಂಪಿಯರ್ ಎಳೆಯುವ ಕೆಲಸಕ್ಕೆ ಬೇಕಾದದ್ದು ದಪ್ಪ ಪ್ಲೇಟು. ನಮ್ಮ ಮನೆಗಳ ಯುಪಿಎಸ್‌ಗೆ ಟ್ಯೂಬುಲರ್ ಬ್ಯಾಟರಿ ಹಾಕಿಸುವುದೂ ಇದೇ ಕಾರಣಕ್ಕೆ. ಸ್ಟಾರ್ಟರ್ ಬ್ಯಾಟರಿಯನ್ನು ಪದೇ ಪದೇ ತಳ ಮುಟ್ಟುವಷ್ಟು ಬರಿದು ಮಾಡಿದರೆ ಅದು ವರ್ಷ ಬಾಳುವುದೂ ಕಷ್ಟ.

ಜೀಪಿನ ಮಟ್ಟಿಗೆ ಈ ತೊಂದರೆಯನ್ನು ಮೊದಲು ಎದುರಿಸಿದ್ದು ಸೈನ್ಯ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು 6 ವೋಲ್ಟಿನದು. ವೈರ್‌ಲೆಸ್ ಸೆಟ್ ಹೊತ್ತ ಜೀಪುಗಳಿಗೆ 12 ವೋಲ್ಟಿನ ಪ್ರತ್ಯೇಕ ಜನರೇಟರ್ ಕಟ್ಟಬೇಕಾಯಿತು. ಯುದ್ಧದ ನಂತರದ ಎಂ38 ಜೀಪಿನಲ್ಲಿ ಅಮೆರಿಕದ ಸೈನ್ಯ 24 ವೋಲ್ಟಿಗೆ ಹೋಯಿತು. ನಮ್ಮಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಆ ಜೀಪೇ ಮುಂದೆ ಪೊಲೀಸ್, ಅರಣ್ಯ, ಕಂದಾಯ ಇಲಾಖೆಗಳಿಗೆ, ಆಮೇಲೆ ಹಳ್ಳಿಯ ಸರ್ವೀಸ್ ಗಾಡಿಗಳಿಗೆ ಗತಿಯಾಯಿತು.

ಹಳ್ಳಿಯಲ್ಲಿ ಎರಡನೇ ಬ್ಯಾಟರಿಯನ್ನು ಕರೆತಂದದ್ದು ಮೈಕ್‌ಸೆಟ್. ಚುನಾವಣೆ, ಜಾತ್ರೆ, ಟೆಂಟ್ ಸಿನಿಮಾದ ಪ್ರಚಾರ, ಪಲ್ಸ್ ಪೋಲಿಯೊ, ಯಾವುದಕ್ಕಾದರೂ ಜೀಪಿನ ಮೇಲೆ ಎರಡು ಕೊಂಬಿನ ಸ್ಪೀಕರ್, ಒಳಗೆ ಅಹುಜಾ ಆಂಪ್ಲಿಫೈಯರ್. ಅದು ಮನೆಯ ಕರೆಂಟಿಗೂ ಓಡುತ್ತದೆ, 12 ವೋಲ್ಟಿಗೂ ಓಡುತ್ತದೆ. ಗಾಡಿಯ ಬ್ಯಾಟರಿಗೇ ಸಿಕ್ಕಿಸಿ ಅರಳಿಕಟ್ಟೆ ಮುಂದೆ ಎಂಜಿನ್ ಆರಿಸಿ ಅರ್ಧ ದಿನ ಕೂಗಿದರೆ ಕೊನೆಗೆ ಊರವರೇ ತಳ್ಳಿ ಸ್ಟಾರ್ಟ್ ಮಾಡಬೇಕು. ಹಾಗಾಗಿ ಮೈಕ್‌ಸೆಟ್ಟಿನವರು ತಮ್ಮದೇ ಬ್ಯಾಟರಿ ಮರದ ಡಬ್ಬದಲ್ಲಿಟ್ಟು ತರುತ್ತಿದ್ದರು. ರಾತ್ರಿ ಅಂಗಡಿಯಲ್ಲಿ ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಹೊತ್ತು ತರುವುದು. ನಡುವೆ ಯಾವ ಸಾಧನವೂ ಇಲ್ಲ, ಎರಡೂ ಸಂಪೂರ್ಣ ಬೇರೆ. ತಂತ್ರವಾಗಿ ನೋಡಿದರೆ ಇದಕ್ಕಿಂತ ಭದ್ರವಾದ ವ್ಯವಸ್ಥೆ ಇಲ್ಲ ಎಂಬುದು ಸ್ವಲ್ಪ ತಮಾಷೆಯ ಸತ್ಯ. ಇದೇ ರಸ್ತೆಯಲ್ಲಿ 2022ರ ಜನವರಿ 9ರಂದು ಸಂಗಮದಿಂದ ಹೊರಟ ಮೇಕೆದಾಟು ಪಾದಯಾತ್ರೆ ಮೊದಲ ದಿನ ದೊಡ್ಡಆಲಹಳ್ಳಿಗೆ ಬಂದು ತಂಗಿತು. ಅಷ್ಟು ಹೊತ್ತಿಗೆ ಮೈಕಿನ ಕಾಲ ಮುಗಿದು ಜನರೇಟರ್ ಹೊತ್ತ ಡಿಜೆ ಗಾಡಿಗಳ ಕಾಲ ಬಂದಿತ್ತು, ಆ ಮಾತು ಬೇರೆ.

ಚಾರ್ಜ್ ಮಾಡಲು ಅಂಗಡಿಯೇ ಇಲ್ಲದ ನೆಲದಲ್ಲಿ ಏನು ಮಾಡುವುದು? ಆಸ್ಟ್ರೇಲಿಯಾದ ಒಳನಾಡಿನವರಿಗೆ ಬಂದ ಪ್ರಶ್ನೆ ಅದು. ಜಪಾನಿನ ಎಂಜೆಲ್‌ನಂಥ 12 ವೋಲ್ಟಿನ ಫ್ರಿಜ್ಜುಗಳು ಲ್ಯಾಂಡ್ ಕ್ರೂಸರ್ ಹಿಂದೆ ಕೂತ ಮೇಲೆ ಎರಡನೇ ಬ್ಯಾಟರಿಯನ್ನು ಗಾಡಿಯ ಆಲ್ಟರ್ನೇಟರಿನಿಂದಲೇ ತುಂಬಿಸಬೇಕಾಯಿತು. ಆರಂಭದ ಉಪಾಯ ದೋಣಿಯಿಂದ ತಂದದ್ದು: ಕೈಯಿಂದ ತಿರುಗಿಸುವ ದಪ್ಪ ಸ್ವಿಚ್ಚು. ಓಡಿಸುವಾಗ ಕೂಡಿಸು, ನಿಲ್ಲಿಸಿದಾಗ ಬಿಡಿಸು. ಮನುಷ್ಯ ಮರೆಯುತ್ತಾನೆ, ಮರೆತ ದಿನ ಎರಡೂ ಬರಿದು. ಆಮೇಲೆ ಇಗ್ನಿಷನ್ ಕೀಗೆ ಸೊಲೆನಾಯ್ಡ್ ಕಟ್ಟಿದರು. ಕೀ ತಿರುಗಿಸಿದರೆ ಎರಡೂ ಕೂಡುತ್ತವೆ. ಆದರೆ ಸೆಲ್ಫ್ ಹೊಡೆಯುವ ಕ್ಷಣದಲ್ಲೂ ಕೂಡಿಯೇ ಇರುತ್ತವಾದ್ದರಿಂದ ಸ್ಟಾರ್ಟರ್ ಕೇಳುವ ನೂರಾರು ಆಂಪಿಯರ್ ಎರಡನೇ ಬ್ಯಾಟರಿಯ ಸಣ್ಣ ವೈರಿನಲ್ಲೂ ನುಗ್ಗುತ್ತಿತ್ತು. ಡಯೋಡ್ ಐಸೊಲೇಟರ್ ಹಾಕಿ ನೋಡಿದರು. ಅದು ಒಮ್ಮುಖದ ಬಾಗಿಲು, ಒಂದು ಬ್ಯಾಟರಿಯ ಕರೆಂಟು ಇನ್ನೊಂದಕ್ಕೆ ಹರಿಯದು. ಆದರೆ ದಾರಿಯಲ್ಲಿ ಸುಮಾರು 0.7 ವೋಲ್ಟ್ ನುಂಗಿಬಿಡುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ಬ್ಯಾಟರಿಗೆ 13.5 ತಲುಪಿತು. ಅಷ್ಟರಲ್ಲಿ ಸೀಸದ ಬ್ಯಾಟರಿ ಎಂದೂ ಪೂರ್ತಿ ತುಂಬದು, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ನೆಮ್ಮದಿ ತಂದದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಎಂಜಿನ್ ಓಡಿ ಮೊದಲ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದರೆ ರಿಲೇ ಕೂಡಿಸುತ್ತದೆ, 12.8ರ ಸುಮಾರಿಗೆ ಇಳಿದರೆ ಬಿಡಿಸುತ್ತದೆ. ಯಾರೂ ಏನನ್ನೂ ನೆನಪಿಡಬೇಕಿಲ್ಲ. ಬಹಳ ವರ್ಷ ಇದೇ ಸಾಕಾಗಿತ್ತು. ಹಳೆಯ ಜಿಪ್ಸಿ, ಹಳೆಯ ಎಂಎಂ540, ಮೊದಲ ತಲೆಮಾರಿನ ಥಾರ್ ಇರುವವರಿಗೆ ಇವತ್ತಿಗೂ ಇದೇ ಸಾಕು. ಅವರಿಗೆ ಇದಕ್ಕಿಂತ ದುಬಾರಿಯದನ್ನು ಮಾರುವವರ ಮಾತನ್ನು ಅನುಮಾನದಿಂದಲೇ ಕೇಳಬೇಕು.

ಅದನ್ನು ಕೆಡಿಸಿದ್ದು ಹೊಗೆಯ ನಿಯಮ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಎಂಜಿನ್ನಿನ ಮೇಲಿನ ಹೊರೆ ಇಳಿಸಿ ಡೀಸೆಲ್ ಉಳಿಸಲು ಹೊಸ ಗಾಡಿಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಹಾಕಿದರು. ಬ್ಯಾಟರಿ ತುಂಬಿದೆ ಎಂದು ಗಾಡಿಯ ಕಂಪ್ಯೂಟರ್ ಎಣಿಸಿದರೆ ಅದು ವೋಲ್ಟೇಜನ್ನು 12.5ರ ಹತ್ತಿರಕ್ಕೂ ಇಳಿಸುತ್ತದೆ. ಇಳಿಜಾರಿನಲ್ಲಿ, ಬ್ರೇಕ್ ಹಾಕುವಾಗ ಮತ್ತೆ ಏರಿಸುತ್ತದೆ. ಹಳೆಯ ರಿಲೇ ಪಾಪ, ಎಂಜಿನ್ ನಿಂತಿತೆಂದು ತಿಳಿದು ಬಾಗಿಲು ಹಾಕುತ್ತದೆ. ದಿನವಿಡೀ ಓಡಿಸಿದರೂ ಎರಡನೆಯದು ತುಂಬದು.

ಪರಿಹಾರ ಡಿಸಿ-ಡಿಸಿ ಚಾರ್ಜರ್. ಆಸ್ಟ್ರೇಲಿಯಾದ ರೆಡಾರ್ಕ್, ಸ್ವೀಡನ್ನಿನ ಸಿಟೆಕ್, ನೆದರ್ಲೆಂಡ್ಸಿನ ವಿಕ್ಟ್ರಾನ್ ಈ ಸಾಲಿನ ಹೆಸರುಗಳು. ಇದು ಬರಿಯ ಸ್ವಿಚ್ಚಲ್ಲ. ಆಲ್ಟರ್ನೇಟರ್ ಎಷ್ಟೇ ಕೊಡಲಿ, 12 ಆಗಲಿ 15 ಆಗಲಿ, ಅದನ್ನು ಒಳಗೆ ತೆಗೆದುಕೊಂಡು ಎರಡನೇ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನು ತಾನೇ ತಯಾರಿಸಿ ಹಂತ ಹಂತವಾಗಿ ಕೊಡುತ್ತದೆ. ಎಂಜಿನ್ ಓಡುತ್ತಿದೆಯೇ ಎಂಬುದನ್ನು ವೋಲ್ಟೇಜಿನಿಂದ ಊಹಿಸದೆ ಇಗ್ನಿಷನ್ನಿನಿಂದ ಬಂದ ಸಣ್ಣ ವೈರಿನಿಂದ ತಿಳಿಯುತ್ತದೆ. ಹೊಸ ಗಾಡಿಗೆ ಇದನ್ನು ಬಿಟ್ಟು ಬೇರೆ ಹಾಕಿಸಬೇಡಿ ಎಂದೇ ಹೇಳುತ್ತೇನೆ.

ಅದೇ ಹೊತ್ತಿಗೆ ಬ್ಯಾಟರಿಯೂ ಬದಲಾಯಿತು. ಲಿಥಿಯಂ ಐರನ್ ಫಾಸ್ಫೇಟ್ ಬಗೆಗಿನ ಮೂಲ ಪ್ರಬಂಧ 1997ರಲ್ಲಿ ಬಂತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್ಇನಫ್ ಜೊತೆಗೆ ಆ ಪ್ರಬಂಧದ ಮೇಲೆ ಇರುವ ಇನ್ನೆರಡು ಹೆಸರು ಎ. ಕೆ. ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಎರಡನೆಯದು ಹಳೇ ಮೈಸೂರಿನ ಕಿವಿಗೆ ಎಷ್ಟು ಪರಿಚಿತ! ಈ ಬ್ಯಾಟರಿಯ ಲೆಕ್ಕ ಸರಳ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ. ಲಿಥಿಯಂನಲ್ಲಿ 80ಕ್ಕೂ ಹೆಚ್ಚು. ತೂಕ 30 ಕಿಲೋಗೆ ಬದಲು 12ರ ಆಸುಪಾಸು. ಆದರೆ ಅದಕ್ಕೆ ಬಾನೆಟ್ಟಿನ ಬಿಸಿ ಆಗದು. ಸೀಟಿನ ಹಿಂದೋ ಡಿಕ್ಕಿಯಲ್ಲೋ ಇಡಬೇಕು. ನೀರು ಹಾಕುವ ಹಳೆಯ ಸೀಸದ ಬ್ಯಾಟರಿಯನ್ನು ಮಾತ್ರ ಕ್ಯಾಬಿನ್ ಒಳಗೆ ಇಡಲೇಬಾರದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ರಾಮನಗರ ಸೀಮೆಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕ್ವಾಲಿಸ್‌ನಿಂದ ಶುರುವಾಯಿತು. 2022ರಿಂದ ಅಲ್ಲಿಂದಲೇ ಹೈಲಕ್ಸ್ ಬರುತ್ತಿದೆ. ಆಸ್ಟ್ರೇಲಿಯಾದಲ್ಲಿ ಹೈಲಕ್ಸ್‌ಗೆಂದೇ ಅಳತೆಗೆ ಮಾಡಿದ ಎರಡನೇ ಬ್ಯಾಟರಿ ಟ್ರೇಗಳು ಅಂಗಡಿಯಲ್ಲಿ ಸಿಗುತ್ತವೆ. ಇಲ್ಲಿ ಗಾಡಿ ತಯಾರಾಗುವ ಜಿಲ್ಲೆಯಲ್ಲೇ ಟ್ರೇ ಬೇಕಾದರೆ ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಕತ್ತರಿಸಿ ಮಾಡಿಸಬೇಕು. ಅದರಲ್ಲಿ ತಪ್ಪೇನಿಲ್ಲ, ಕೆಳಗಿನಿಂದ ಬೋಲ್ಟ್ ಬಿಗಿದಿದ್ದರೆ ಸರಿ. ಹಳ್ಳದಲ್ಲಿ ಎಗರಿದಾಗ 30 ಕಿಲೋ ಸೀಸ ಜಾಗ ಬಿಟ್ಟು ಕದಲಬಾರದು.

ನಮ್ಮ ಕಡೆ ಕೆಲಸ ಕೆಡುವುದು ಹೆಚ್ಚಾಗಿ ವೈರಿನಲ್ಲಿ. ಬ್ಯಾಟರಿಗೆ ನಲವತ್ತು ಸಾವಿರ ಕೊಡುವವರು ವೈರಿಗೆ ನಾಲ್ಕುನೂರು ಉಳಿಸುತ್ತಾರೆ. ಲೆಕ್ಕ ನೋಡಿ: ಬಾನೆಟ್ಟಿನಿಂದ ಹಿಂದಕ್ಕೆ 5 ಮೀಟರ್, ಹೋಗಿ ಬರಲು 10 ಮೀಟರ್, ಹರಿಯುವುದು 25 ಆಂಪಿಯರ್. 6 ಚದರ ಮಿಲಿಮೀಟರಿನ ತಾಮ್ರದ ವೈರಾದರೆ 0.7 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿ ಹೋಯಿತು, ಹಳೆಯ ಡಯೋಡಿನಷ್ಟೇ ನಷ್ಟ. 16 ಚದರ ಮಿಲಿಮೀಟರ್ ಹಾಕಿದರೆ 0.3ರ ಒಳಗೆ. ಇನ್ನೊಂದು, ಫ್ಯೂಸ್. ಆ ಉದ್ದನೆಯ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ; ನಡುವೆ ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತದೆ. ಒಂದೇ ಕಡೆ ಫ್ಯೂಸ್ ಹಾಕುವುದು ಅರ್ಧ ಕೆಲಸ. ವಿಂಚ್ ಮಾತ್ರ ಎರಡನೇ ಬ್ಯಾಟರಿಗೆ ಕೊಡಬೇಡಿ. ಪೂರ್ತಿ ಎಳೆಯುವಾಗ ಅದು 300-400 ಆಂಪಿಯರ್ ಕೇಳುತ್ತದೆ, ಅದು ಎಂಜಿನ್ ಓಡುತ್ತಿರುವಾಗ ಸ್ಟಾರ್ಟರ್ ಬ್ಯಾಟರಿಯ ಕೆಲಸ.

ಹಾಗಾದರೆ ಇದು ಯಾರಿಗೆ ಬೇಕು? ಕರ್ನಾಟಕದಲ್ಲಿ 2008ರಿಂದ ಓಡುತ್ತಿರುವ 108 ಆಂಬುಲೆನ್ಸ್‌ನಂಥ ಗಾಡಿಗಳಿಗೆ ಬೇಕು. ಎಂಜಿನ್ ನಿಂತಾಗಲೂ ಒಳಗಿನ ಯಂತ್ರ ನಿಲ್ಲುವಂತಿಲ್ಲ. ಕಾಡಂಚಿನಲ್ಲಿ ರಾತ್ರಿ ದೀಪ, ವೈರ್‌ಲೆಸ್ ಹಚ್ಚಿ ಕಾಯುವ ಅರಣ್ಯ ಸಿಬ್ಬಂದಿಯ ಜೀಪಿಗೆ, ಲಸಿಕೆಯನ್ನು ತಣ್ಣಗಿಡಬೇಕಾದ ಪಶುವೈದ್ಯರ ಗಾಡಿಗೆ ಬೇಕು. ಬೆಂಗಳೂರಿನಿಂದ ಸಂಗಮಕ್ಕೆ ಬಂದು ಒಂದು ರಾತ್ರಿ ಗಾಲಿಬೋರೆ ಶಿಬಿರದಲ್ಲಿ ಮಲಗಿ ಹೋಗುವವರಿಗೆ ಬೇಡ. ಅವರಿಗೆ ಒಂದು ಐಸ್ ಡಬ್ಬ ಸಾಕು. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎರಡು ಬ್ಯಾಟರಿ ಇದ್ದರೂ ಅಪರಾಧವೇ.

ಹಾಕಿಸಲೇಬೇಕೆಂದಿದ್ದರೆ ಗಾಡಿಯ ವಾರಂಟಿ ಉಳಿಯುತ್ತದೆಯೇ ಎಂದು ಷೋರೂಮಿನಲ್ಲಿ ಮೊದಲೇ ಕೇಳಿ, ವಿಮೆ ಕಂಪನಿಗೆ ಬರೆದು ತಿಳಿಸಿ. ಕೆಲಸ ಮುಗಿದ ಮೇಲೆ ಎಲೆಕ್ಟ್ರೀಷಿಯನ್ ಕೈಯಲ್ಲಿ ವೈರು, ಫ್ಯೂಸು, ಅರ್ತು ಎಲ್ಲೆಲ್ಲಿವೆ, ಯಾವ ಅಳತೆಯವು ಎಂದು ಒಂದು ಹಾಳೆಯಲ್ಲಿ ನಕ್ಷೆ ಬರೆಸಿಕೊಂಡು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ. ನಕ್ಷೆ ಬರೆದುಕೊಡಲು ಒಪ್ಪದವರ ಹತ್ತಿರ ಕೆಲಸ ಕೊಡಬೇಡಿ.