ಮಾಲ್ಗುಡಿಯ ಮನೆ

ಬಾಲ್ಯದಲ್ಲಿ ಕಂಡು ಮೆಚ್ಚಿದುದನ್ನು ನಡುವಯಸ್ಸಿನಲ್ಲಿ ಮತ್ತೊಮ್ಮೆ ನೋಡಹೊರಡುವಾಗ ಮನಸ್ಸಿಗೆ ಕೊಂಚ ಅಳುಕಾಗುವುದು ಸಹಜ. ಅಂದಿನ ಸವಿ ಇಂದಿಗೂ ಉಳಿದೀತೇ? 1980ರ ದಶಕದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬೆಳೆದವರನ್ನು ಕೇಳಿ ನೋಡಿ. ಬೀದಿಗೆ ಒಂದೆರಡು ಮನೆಗಳಲ್ಲಿ ಟೆಲಿವಿಷನ್ ಇದ್ದ ಆ ಕಾಲದಲ್ಲಿ, ನೆರೆಹೊರೆಯ ಮಕ್ಕಳೆಲ್ಲ ನಡುಮನೆಯ ಚಾಪೆಯ ಮೇಲೆ ಕುಳಿತು ನೋಡಿದ ಧಾರಾವಾಹಿಗಳ ಪೈಕಿ ‘ಮಾಲ್ಗುಡಿ ಡೇಸ್’ ಹೆಸರನ್ನು ಅವರು ಪ್ರೀತಿಯಿಂದ ಹೇಳಿಯಾರು.

ಅದರ ಚರಿತ್ರೆಯೂ ಸ್ವಾರಸ್ಯವಾದುದೇ. ಆರ್. ಕೆ. ನಾರಾಯಣ್ ಅವರಿಗೆ ಮಾಲ್ಗುಡಿ ಹೊಳೆದದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಆ ಊರಿನ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದುದು 1935ರಲ್ಲಿ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದುದೂ ಅದೇ ವರ್ಷವೆಂಬುದನ್ನು ಬಾನುಲಿ ಪ್ರಿಯರು ಇಲ್ಲಿ ಸ್ಮರಿಸಬಹುದು. ಮಲ್ಲೇಶ್ವರ, ಬಸವನಗುಡಿ ಎಂಬೆರಡು ಹೆಸರುಗಳು ಬೆಸೆದು ಮಾಲ್ಗುಡಿಯಾಯಿತೆಂಬ ಮಾತು ನಮ್ಮ ನಗರದಲ್ಲಿ ಬಳಕೆಯಲ್ಲುಂಟು. ಆದರೆ ನಾರಾಯಣ್ ಅವರು ಅದನ್ನು ಕಲ್ಪನೆಯ ಊರೆಂದೇ ಹೇಳಿದರು.

ಆ ಕಲ್ಪನೆಯ ಊರಿಗೆ ಕಣ್ಣಿಗೆ ಕಾಣುವ ನೆಲವನ್ನು ಒದಗಿಸಿದವರು ಶಂಕರನಾಗ್. 1986ರ ಸುಮಾರಿಗೆ ಅವರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು. ಅಲ್ಲಿಯ ‘ದೊಡ್ಡಮನೆ’ಯ ಕಂಬ, ಜಗಲಿ, ಅಂಗಳಗಳು ದೇಶಕ್ಕೆಲ್ಲ ಪರಿಚಿತವಾದುವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅಭಿನಯಿಸಿದರು. ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್ ಅವರದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕತೆ ಇಂಗ್ಲಿಷಿನದು, ನಾವು ಕೇಳಿದ ಸಂಭಾಷಣೆ ಹಿಂದಿಯದು. ನಮ್ಮ ಎಷ್ಟೋ ಮನೆಗಳ ಅಜ್ಜಿಯರಿಗೆ ಈ ಎರಡೂ ಬಾರದು. ಹಾಗಿದ್ದೂ ಅದು ನಮ್ಮದೆನಿಸಿದುದು ಹೇಗೆ? ಮಾತು ಪರಭಾಷೆಯದಾದರೂ ಮನೆ ನಮ್ಮದಾಗಿತ್ತು. ತಂದೆಯ ಮುಂದೆ ತಗ್ಗುವ ದನಿ, ತಾಯಿಯ ನಡುವಣ ರಾಯಭಾರ, ಅಜ್ಜಿಯ ಮಗ್ಗುಲಿನ ಬೆಚ್ಚನೆಯ ನಿದ್ದೆ, ಇವಕ್ಕೆಲ್ಲ ಅನುವಾದ ಬೇಕಿರಲಿಲ್ಲ.

ಆ ಕತೆಗಳಲ್ಲಿ ‘ಎ ಹೀರೋ’ ಎಂಬುದನ್ನು ನೆನೆಯಿರಿ. ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಬಲಕ್ಕಿಂತ ಧೈರ್ಯ ಮುಖ್ಯವೆಂದು ವಾದಿಸಿ, ಅಜ್ಜಿಯ ಬಳಿ ಮಲಗುವ ಸ್ವಾಮಿಯನ್ನು ಆ ರಾತ್ರಿ ತನ್ನ ಕಚೇರಿಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಕತ್ತಲೆಯಲ್ಲಿ ಸುಳಿದ ಆಕೃತಿಯ ಕಾಲನ್ನು ಹುಡುಗ ಭಯದಿಂದಲೇ ಕಚ್ಚುತ್ತಾನೆ, ಕಳ್ಳ ಸಿಕ್ಕಿಬೀಳುತ್ತಾನೆ. ಊರೆಲ್ಲ ಹೊಗಳುತ್ತದೆ. ಮರುರಾತ್ರಿ ನೋಡಿದರೆ ವೀರನು ಮತ್ತೆ ಅಜ್ಜಿಯ ಪಕ್ಕದಲ್ಲಿ! ತಂದೆ ಗೊಣಗುತ್ತಲೇ ಸೋಲೊಪ್ಪುತ್ತಾನೆ.

ಅಂದು ನಾವು ಕಳ್ಳನ ಚೀರಾಟಕ್ಕೆ ನಕ್ಕೆವು. ಇಂದು ಮಕ್ಕಳನ್ನು ಸಾಕಿದ ಮೇಲೆ ನೋಡಿದರೆ ಕಣ್ಣು ಹೋಗುವುದು ತಂದೆಯ ಕಡೆಗೆ. ಅವನು ಕೆಟ್ಟವನಲ್ಲ, ಮಗ ಗಟ್ಟಿಗನಾಗಲೆಂಬ ಹಂಬಲದಲ್ಲಿ ಮಗನ ಅಂಜಿಕೆಯನ್ನು ಕಾಣಲಾರದೆ ಹೋದವನು. ಪಾಠಶಾಲೆಯಲ್ಲಿ ಇಂಥ ತಂದೆಯರನ್ನು ನಾವು ದಿನವೂ ಕಾಣುತ್ತೇವೆ. ಇಂದು ಹುಲಿಯ ಜಾಗದಲ್ಲಿ ನೆರೆಮನೆಯ ಹುಡುಗ ಗಳಿಸಿದ ಅಂಕಗಳಿವೆ, ಅಷ್ಟೆ. ಅಜ್ಜಿಯ ಮಗ್ಗುಲೋ, ಎಷ್ಟೋ ಮನೆಗಳಲ್ಲಿ ಇಲ್ಲವಾಗಿದೆ.

ಶಂಕರನಾಗ್ ಅವರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ. ಕಾರ್ನಾಡರು 2019ರಲ್ಲಿ ನಮ್ಮನ್ನಗಲಿದರು. ಧಾರಾವಾಹಿಯಲ್ಲಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲ್ವೆ ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿಯ ವಸ್ತುಸಂಗ್ರಹಾಲಯವಾಯಿತು.

ಬಿಡುವಾದ ಒಂದು ಸಂಜೆ ಮನೆಮಂದಿಯೆಲ್ಲ ಕೂಡಿ ಈ ಕಂತನ್ನು ನೋಡಿ. ಕಳ್ಳ ಚೀರಿದಾಗ ಮಕ್ಕಳು ನಗುವರು. ಆಗ ನಿಮ್ಮ ದೃಷ್ಟಿ ಕಾರ್ನಾಡರ ಮುಖದ ಮೇಲಿದ್ದರೆ, ಮರುದಿನ ಪರೀಕ್ಷೆಯ ಮಾತೆತ್ತುವ ಮುನ್ನ ನಿಮ್ಮ ಮಗುವಿಗೆ ರಾತ್ರಿ ನಿದ್ದೆ ಬಂದಿತೇ ಎಂದು ಕೇಳುವಿರಿ.