ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರು

ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರು ವಿವಾಹ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಮೊದಲಾದ ವ್ಯಾಜ್ಯಗಳಲ್ಲಿ ಕಕ್ಷಿಗಾರರೊಡನೆ ಮಾತುಕತೆ ನಡೆಸಿ ರಾಜಿಗೆ ನೆರವಾಗುವವರು. ನ್ಯಾಯಾಲಯ ಕೇಳಿದಾಗ ಕುಟುಂಬದ ಹಾಗೂ ಮಗುವಿನ ಸ್ಥಿತಿಗತಿಯನ್ನು ವರದಿ ಮಾಡುವವರೂ ಇವರೇ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರವನ್ನು ಓದಿದವರು ಸಾಮಾನ್ಯವಾಗಿ ಈ ಕೆಲಸಕ್ಕೆ ಬರುತ್ತಾರೆ. ಹೊಣೆ ದೊಡ್ಡದಾದರೂ ಭಾರತದ ಹಲವು ಕಡೆ ಇವರ ಸೇವಾಸ್ಥಿತಿ ಭದ್ರವಾಗಿಲ್ಲ.

ಕಾನೂನಿನ ಹಿನ್ನೆಲೆ

ಕೌಟುಂಬಿಕ ವ್ಯಾಜ್ಯಗಳನ್ನು ಸಾಮಾನ್ಯ ಸಿವಿಲ್ ದಾವೆಗಳಂತೆ ನಡೆಸಬಾರದೆಂದು ಭಾರತದ ಕಾನೂನು ಆಯೋಗವು ತನ್ನ 59ನೆಯ ವರದಿಯಲ್ಲಿ (1974) ಒತ್ತಿ ಹೇಳಿತು. ಹತ್ತು ವರ್ಷಗಳ ನಂತರ ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984 ಅಂಗೀಕಾರವಾಯಿತು. ಇದರ 9ನೆಯ ಕಲಂ ಮೊದಲು ರಾಜಿಗೆ ಪ್ರಯತ್ನಿಸುವ ಕರ್ತವ್ಯವನ್ನು ನ್ಯಾಯಾಲಯಕ್ಕೆ ವಿಧಿಸುತ್ತದೆ. 13ನೆಯ ಕಲಂ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿಗಾರರ ಹಕ್ಕಲ್ಲ. ನ್ಯಾಯಾಲಯದ ಅನುಮತಿ ಬೇಕು. ವಕೀಲರ ವಾದಕ್ಕಿಂತ ಮಾತುಕತೆಗೆ ಹೆಚ್ಚು ಬೆಲೆ ಕೊಟ್ಟ ಈ ಏರ್ಪಾಡಿನಲ್ಲಿ ಆಪ್ತಸಮಾಲೋಚಕರದು ಕೇಂದ್ರಸ್ಥಾನ.

ಸೇವಾಸ್ಥಿತಿ ಮತ್ತು ಒತ್ತಡಗಳು

ಆಪ್ತಸಮಾಲೋಚಕರ ಸಂಖ್ಯೆ ಮತ್ತು ವರ್ಗಗಳನ್ನು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರ ನಿರ್ಧರಿಸಬೇಕೆಂದು 6ನೆಯ ಕಲಂ ಹೇಳುತ್ತದೆ. ಸೇವಾ ನಿಬಂಧನೆಗಳೂ ರಾಜ್ಯದ ನಿಯಮಗಳಿಗೆ ಬಿಟ್ಟ ವಿಷಯ. ಹೀಗಾಗಿ ದೇಶಕ್ಕೆಲ್ಲ ಅನ್ವಯಿಸುವ ಒಂದು ವೃಂದವಾಗಲಿ ವೇತನಶ್ರೇಣಿಯಾಗಲಿ ರೂಪುಗೊಳ್ಳಲಿಲ್ಲ. ಮಹಾರಾಷ್ಟ್ರದಲ್ಲಿ ವಿವಾಹ ಸಮಾಲೋಚಕರು ನ್ಯಾಯಾಲಯದ ಸಿಬ್ಬಂದಿಯಾಗಿದ್ದರೆ, ಬೇರೆ ಹಲವು ಕಡೆ ಗೌರವಧನದ ಮೇಲೆ ಅಲ್ಪಾವಧಿಗೆ ಕರೆಸಿಕೊಳ್ಳುವ ಪದ್ಧತಿ ಇದೆ. ಸಮಾಲೋಚಕರು ನಡುವೆ ಬದಲಾದರೆ ನಷ್ಟ ಅವರೊಬ್ಬರದೇ ಅಲ್ಲ. ಮನೆಯ ಸಂಕಟವನ್ನು ಒಮ್ಮೆ ಹೇಳಿಕೊಳ್ಳಲೇ ಹಿಂಜರಿದ ಕಕ್ಷಿಗಾರರು ಹೊಸಬರೆದುರು ಅದನ್ನೇ ಮೊದಲಿನಿಂದ ಹೇಳಬೇಕಾಗುತ್ತದೆ.

ಇನ್ನೊಂದು ಒತ್ತಡ ವಿಲೇವಾರಿಯದು. ಅಧೀನ ನ್ಯಾಯಾಧೀಶರ ಕಾರ್ಯಕ್ಷಮತೆಯನ್ನು ಅವರು ಮುಗಿಸಿದ ಪ್ರಕರಣಗಳ ಲೆಕ್ಕದಿಂದ ಅಳೆಯುವ ರೂಢಿಯಿದ್ದು, ಅದರ ಬಿಸಿ ಸಮಾಲೋಚಕರ ಕೊಠಡಿಗೂ ತಟ್ಟುತ್ತದೆ. ಮುಂದಿನ ವಿಚಾರಣೆಯ ದಿನಕ್ಕೆ ವರದಿ ಸಿದ್ಧವಾಗಬೇಕು. ಆದರೆ ಮುನಿದ ದಂಪತಿ ಬಾಯಿಬಿಡಲು, ಮಗು ಅಪರಿಚಿತರೊಡನೆ ಸಲಿಗೆಯಿಂದ ಮಾತನಾಡಲು ಎಷ್ಟು ಭೇಟಿ ಬೇಕೆಂಬುದನ್ನು ವಾಯಿದೆಯ ಪಟ್ಟಿ ನಿರ್ಧರಿಸಲಾರದು. ರಾಜಿಯಾದ ಪ್ರಕರಣ ಲೆಕ್ಕಕ್ಕೆ ಸಿಗುತ್ತದೆ. ಹಿಂಸೆಯಿರುವ ಮನೆಗೆ ಹೆಣ್ಣುಮಗಳನ್ನು ಮರಳಿ ಕಳುಹಿಸದೆ ಕಾಪಾಡಿದ್ದು ಕಡತದಲ್ಲಿ 'ಸಮಾಲೋಚನೆ ವಿಫಲ' ಎಂದೇ ದಾಖಲಾಗಬಹುದು. ವಿವಾಹವನ್ನು ಉಳಿಸುವುದಕ್ಕೆ ಕೊಡುವ ಈ ಒತ್ತನ್ನು ಮಹಿಳಾ ಸಂಘಟನೆಗಳು ಮೊದಲಿನಿಂದಲೂ ಟೀಕಿಸುತ್ತ ಬಂದಿವೆ.

ಗೌಪ್ಯತೆಯ ಪ್ರಶ್ನೆ

ವೃತ್ತಿಯ ಅತಿ ಸೂಕ್ಷ್ಮ ತೊಡಕು ಇರುವುದು ಇಲ್ಲಿ. ಗುಟ್ಟು ಹೊರಗೆ ಹೋಗದೆಂಬ ಭರವಸೆಯಿಲ್ಲದೆ ಯಾರೂ ಮನಬಿಚ್ಚಿ ಮಾತನಾಡುವುದಿಲ್ಲ. ಆದುದರಿಂದಲೇ ಸಮಾಲೋಚಕರನ್ನು ಸಾಕ್ಷಿಯಾಗಿ ಕರೆಯಬಾರದೆಂಬ ನಿಯಮವನ್ನು ಕೆಲವು ಉಚ್ಚ ನ್ಯಾಯಾಲಯಗಳು ಮಾಡಿವೆ. ಆದರೆ ಮಗುವಿನ ಪಾಲನೆಯ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಸಮಾಲೋಚಕರ ಕಣ್ಣು ಬೇಕು. ಸರ್ವೋಚ್ಚ ನ್ಯಾಯಾಲಯವು 2019ರ ಫೆಬ್ರವರಿಯಲ್ಲಿ ನೀಡಿದ ತೀರ್ಪೊಂದರಲ್ಲಿ, ಮಗುವಿನ ಹಿತಕ್ಕೆ ಸಂಬಂಧಿಸಿದ ಇಂತಹ ವರದಿಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು ಹೇಳಿತು. ಹೀಗಾಗಿ ಒಬ್ಬರೇ ಆಪ್ತರೂ ವರದಿಗಾರರೂ ಆಗಬೇಕಾದ ಸ್ಥಿತಿ ಉಳಿದಿದೆ. ಯಾವ ಮಾತು ಕೊಠಡಿಯಲ್ಲೇ ಉಳಿಯುತ್ತದೆ, ಯಾವುದು ನ್ಯಾಯಾಧೀಶರ ಮೇಜಿಗೆ ಹೋಗಬಹುದು ಎಂಬುದನ್ನು ಮೊದಲ ಭೇಟಿಯಲ್ಲೇ ಕಕ್ಷಿಗಾರರಿಗೆ ತಿಳಿಸಬೇಕಾಗುತ್ತದೆ.

ಮಧ್ಯಸ್ಥಿಕೆ ಮತ್ತು ಕರ್ನಾಟಕ

ಸಮಾಲೋಚನೆ ವಿಫಲವಾಯಿತೆಂದು ವರದಿ ಬಂದರೂ ಕಕ್ಷಿಗಾರರ ಒಪ್ಪಿಗೆ ಪಡೆದು ಪ್ರಕರಣವನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ದೇಶಿಸಿತು. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಕೌಟುಂಬಿಕ ನ್ಯಾಯಾಲಯದಂತೆ ಇದು ಕೂಡ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಇಲ್ಲಿನ ಮಧ್ಯಸ್ಥಗಾರರು ಬಹುತೇಕ ತರಬೇತಿ ಪಡೆದ ವಕೀಲರು. ಜೀವನಾಂಶದ ಮೊತ್ತ, ಆಸ್ತಿಯ ಹಂಚಿಕೆಯಂತಹ ವಿಷಯಗಳಲ್ಲಿ ಅವರ ಅನುಭವ ಉಪಯುಕ್ತ. ಮನೆಗೆ ಹೋಗಿ ನೋಡುವುದು, ತಂದೆತಾಯಿಯರೊಡನೆ ಮಗು ಹೇಗಿದೆಯೆಂದು ಗಮನಿಸುವುದು ಮಾತ್ರ ಮಧ್ಯಸ್ಥಗಾರರ ಕೆಲಸವಲ್ಲ. ಆ ಭಾಗ ಸಮಾಜಕಾರ್ಯದ ತರಬೇತಿ ಪಡೆದವರಿಗೇ ಸೇರಿದ್ದು.